ಗಾಡಿಯೊಳಗಿನ ದಿವಾನ

ಬೆಟಗೇರಿಯ ನೂಲಿನ ವ್ಯಾಪಾರಸ್ಥರ ಮನೆಯ ಕಿರಿಯ ಮಗ ವಿರೂಪಾಕ್ಷಪ್ಪ ನಲವತ್ತರ ಹತ್ತಿರ ಬಂದರೂ ಒಬ್ಬನೇ ಎಲ್ಲಿಗೂ ಹೋದವನಲ್ಲ. ಹೋಗಲು ಅವನಿಗೆ ಅಂಜಿಕೆಯಿರಲಿಲ್ಲ. ಕಳಿಸಲು ಮನೆಯವರಿಗೆ ಅಂಜಿಕೆಯಿತ್ತು. ಹರೆಯದಲ್ಲಿ ಒಮ್ಮೆ ಗದಗ ಸ್ಟೇಶನ್ನಿನಲ್ಲಿ ಹುಬ್ಬಳ್ಳಿಯ ರೈಲು ಹತ್ತಬೇಕಾದವನು ಸೊಲ್ಲಾಪುರದ ರೈಲು ಹತ್ತಿ, ಅಲ್ಲಿ ಇಳಿದು, ಇದೇ ಹುಬ್ಬಳ್ಳಿಯೆಂದು ತಿಳಿದು ಸೋದರಮಾವನ ಮನೆಯನ್ನು ಸಂಜೆಯವರೆಗೆ ಹುಡುಕಿದ್ದ. ಅಂದಿನಿಂದ ಅವನು ಗದುಗಿನ ಪೇಟೆಗೆ ಹೊರಟರೂ ಜೊತೆಗೊಬ್ಬರು ಇದ್ದೇ ಇರುತ್ತಿದ್ದರು. ಮದುವೆ ಆಗದೆ ಉಳಿದದ್ದೂ ಇದರಿಂದಲೇ. ಹೆಣ್ಣು ನೋಡಲು ಹೋದಾಗ ಮಾತೆಲ್ಲ ಅಣ್ಣಂದಿರದೇ ಆಗಿ, ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಬೀಗರು "ಅಂದಂಗ ಗಂಡು ಯಾರ್ರಿ?" ಎಂದು ಕೇಳುತ್ತಿದ್ದರು.

ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ. ಊಟಕ್ಕೆ ಕುಳಿತ ವಿರೂಪಾಕ್ಷಪ್ಪ ರೊಟ್ಟಿ ಮುರಿಯುತ್ತ ಹೇಳಿದ:

"ದೇಶಕ್ಕೆಲ್ಲ ಸ್ವಾತಂತ್ರ್ಯ ಬಂತು. ಈ ಮನ್ಯಾಗ ಇನ್ನೂ ಬಂದಿಲ್ಲ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತಿಗೆ ಸಾವಿತ್ರೆವ್ವ ಕೈ ನಿಲ್ಲಿಸಲಿಲ್ಲ. "ಯಾರು ನಿನ್ನ ಕೈ ಹಿಡದಾರ? ನಾಳೆ ಮುಂಜಾನೆ ಹೋಗು. ಎಲ್ಲಿಗೆ ಹೋಗ್ತಿ ಹೇಳು."

ವಿರೂಪಾಕ್ಷಪ್ಪ ಜಗಳಕ್ಕೆ ತಯಾರಾಗಿ ಕುಳಿತಿದ್ದ, ಅಪ್ಪಣೆಗೆ ತಯಾರಾಗಿರಲಿಲ್ಲ. ಬಾಯಿಗೆ ಬಂದ ಊರುಗಳನ್ನೆಲ್ಲ ಹೇಳಿದ. "ಲಕ್ಷ್ಮೇಶ್ವರ. ಅಲ್ಲಿಂದ ಶಿರಹಟ್ಟಿ. ಅಲ್ಲಿಂದ ಮುಂಡರಗಿ."

"ಇಳಕೊಳ್ಳೂದು ಯಾರ ಮನ್ಯಾಗ?"

"ಯಾರ ಮನ್ಯಾಗೂ ಇಲ್ಲ ವೈನಿ. ನಮ್ಮ ಮೋಟಾರ ಗಾಡಿ ಒಯ್ತೀನಿ. ಅದರಾಗ ಮಲಗಾಂವ, ಅದರ ಮಗ್ಗಲಕ ಒಲಿ ಹೂಡಿ ಉಣ್ಣಾಂವ."

ಆ ಗಾಡಿ ಯುದ್ಧ ಮುಗಿದ ಮೇಲೆ ದಂಡಿನವರು ಹರಾಜು ಹಾಕಿದ್ದು. ನೂಲಿನ ಗಂಟು ಸಾಗಿಸಲು ಹಿರಿಯಣ್ಣ ಚನ್ನಬಸವಣ್ಣ ಕೊಂಡಿದ್ದ. ಹಸಿರು ಬಣ್ಣ, ಹಿಂದೆ ಗೂಡಿನಂಥ ಮುಚ್ಚಿಗೆ, ಬಾಗಿಲಿಗೆ ಖಾಕಿ ಪರದೆ, ಮೈಮೇಲೆ ಯಾರಿಗೂ ಅರ್ಥವಾಗದ ಬಿಳಿ ಅಕ್ಷರಗಳು. ನೋಡಿದವರು ದಾರಿ ಬಿಟ್ಟು ನಿಲ್ಲಬೇಕು, ಅಂಥ ಗತ್ತು ಅದಕ್ಕೆ. ವಿರೂಪಾಕ್ಷಪ್ಪ ಅದನ್ನು ನಡೆಸುವುದನ್ನು ಬಯಲಲ್ಲಿ ಕಲಿತಿದ್ದ. ಬಯಲಲ್ಲಿ ಹಿಂದಕ್ಕೆ ಸರಿಸುವ ಪ್ರಸಂಗವೇ ಬಂದಿರಲಿಲ್ಲವಾದ್ದರಿಂದ ಆ ಭಾಗದ ವಿದ್ಯೆ ಬಾಕಿ ಉಳಿದಿತ್ತು.

"ನಿನಗ ಗಾಡಿ ಹಿಂದಕ ಒಯ್ಯಾಕ ಬರೂದಿಲ್ಲ," ಎಂದ ಚನ್ನಬಸವಣ್ಣ.

"ನಾ ಹೊಂಟಿದ್ದು ಮುಂದಕ," ಎಂದ ವಿರೂಪಾಕ್ಷಪ್ಪ.

ಮರುದಿನ ಓಣಿಗೆ ಓಣಿಯೇ ಬಂದು ನಿಂತಿತು. ಸಾವಿತ್ರೆವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೌದಿ, ಹಂಚು, ಇದ್ದಿಲು ಎಲ್ಲವನ್ನೂ ಗಾಡಿಗೆ ತುಂಬಿದಳು. ಕೊನೆಗೆ ದಿವಾನನೂ ಹತ್ತಿದ.

ದಿವಾನನೆಂದರೆ ವಿರೂಪಾಕ್ಷಪ್ಪನ ಟಗರು. ತಾಯಿ ಸತ್ತ ಮರಿಯನ್ನು ಅವನೇ ಮಡಿಲಲ್ಲಿಟ್ಟುಕೊಂಡು ಹಾಲು ಕುಡಿಸಿ ಬೆಳೆಸಿದ್ದ. ಬೆಳೆದ ಮರಿ ಅಂಗಡಿಯ ಗಾದಿಯ ಮೇಲೆ ಲೋಡಿಗೆ ಒರಗಿ ಕೂಡುವುದು, ಕೆಲಸ ಮಾಡದೆ ಉಣ್ಣುವುದು, ಬಂದವರನ್ನು ಅರೆಗಣ್ಣಿನಿಂದ ನೋಡುವುದು ಇವನ್ನೆಲ್ಲ ತಾನಾಗಿ ಕಲಿತದ್ದರಿಂದ ಚನ್ನಬಸವಣ್ಣ ಅದಕ್ಕೆ ಆ ಹೆಸರಿಟ್ಟಿದ್ದ. ಹಿಂದಿನ ವರ್ಷ ಬೆಟಗೇರಿಯ ಬಯಲಲ್ಲಿ ನಡೆದ ಕಾಳಗದಲ್ಲಿ ಅದು ಹೆಸರಾಂತ ಟಗರೊಂದನ್ನು ಓಡಿಸಿತ್ತು. ಆ ಕೀರ್ತಿ ನಾಡೆಲ್ಲ ಹಬ್ಬಿದೆಯೆಂದು ವಿರೂಪಾಕ್ಷಪ್ಪ ಮನಃಪೂರ್ವಕ ನಂಬಿದ್ದ.

ಎದುರುಮನೆಯ ಮೋತಿಬಿ ಕಂಡಿಕೆಗೆ ನೂಲು ಸುತ್ತುವುದನ್ನು ಬಿಟ್ಟು ಬಂದಿದ್ದಳು. "ಒಬ್ಬಾಂವನ ಹೊಂಟಾನ ಅಂದ್ರಿ, ಟಗರು ಹತ್ತೇತಲ್ರಿ ಸಾವಿತ್ರೆವ್ವ."

"ನಾನ ಹತ್ತಿಸೇನಿ ಮೋತಿಬಿ. ಇಬ್ಬರೊಳಗ ಒಬ್ಬರಿಗಾದ್ರೂ ದಾರಿ ಗೊತ್ತಿರಲಿ."

ಮೊದಲ ದಿನ ಸೊರಟೂರಿನ ಹತ್ತಿರ ತಂಗಿದ್ದಾಯಿತು. ವಿರೂಪಾಕ್ಷಪ್ಪ ಒಲೆ ಹೊತ್ತಿಸಲು ಹೆಣಗುತ್ತಿದ್ದಾಗ ದಿವಾನ ಪಕ್ಕದ ಕಡಲೆ ಹೊಲಕ್ಕೆ ಇಳಿದ. ಹೊಲದ ಉಡಚಪ್ಪ ಬಡಿಗೆ ಹಿಡಿದು ಓಡಿ ಬಂದವನು ಟಗರಿನ ಕೊಂಬು ನೋಡಿ ಬಡಿಗೆ ಕೆಳಗಿಟ್ಟ. ಒಲೆಯ ಹೊಗೆಯಲ್ಲಿ ಕಣ್ಣೀರಿಡುತ್ತಿದ್ದ ಯಜಮಾನನನ್ನು ನೋಡಿ ತಾನೇ ಒಲೆ ಹೊತ್ತಿಸಿ, ಚಹಾ ಕಾಸಿ, ಅವನಿಗೂ ಕೊಟ್ಟು ಹೋದ. ಮರುದಿನ ಮಾಗಡಿ ಕೆರೆಯ ದಂಡೆಯಲ್ಲಿ ಚಹಾ ವಿರೂಪಾಕ್ಷಪ್ಪನೇ ಮಾಡಿದ. ಕುಡಿಯುವಂತಿರಲಿಲ್ಲ. ನೀರಿನ ಮೇಲೆ ದೂರದೇಶದ ಹಕ್ಕಿಗಳು ಕೂಗುತ್ತಿದ್ದವು. ತನ್ನ ಕೈಯ ಚಹಾ ತಾನೇ ಕುಡಿದ ಆ ಮುಂಜಾನೆ ಅವನಿಗೆ ಬೆಟಗೇರಿಯಲ್ಲಿ ಯಾರೂ ನೆನಪಾಗಲಿಲ್ಲ.

ಲಕ್ಷ್ಮೇಶ್ವರದ ಸೀಮೆಗೆ ಬಂದಾಗ ದಾರಿಗೆ ಅಡ್ಡ ಮರ ಹಾಕಿತ್ತು. ಗದಗ ಮುಂಬಯಿ ಸರಕಾರದ್ದು. ಲಕ್ಷ್ಮೇಶ್ವರ ಒಬ್ಬ ರಾಜರದ್ದು. ಶಿರಹಟ್ಟಿ ಇನ್ನೊಬ್ಬ ರಾಜರದ್ದು. ಒಂದು ಹರದಾರಿ ಹೋಗುವುದರಲ್ಲಿ ಕಾಯಿದೆ ಬದಲಾಗುವ ಕಾಲವದು. ರಾಜರೆಲ್ಲ ರಾಜ್ಯ ಬಿಟ್ಟುಕೊಡುತ್ತಾರಂತೆ, ಅದಕ್ಕೂ ಮೊದಲು ಯಾರು ನಿಯತ್ತಿನವರೆಂದು ನೋಡಲು ದಿವಾನರು ವೇಷ ಮರೆಸಿಕೊಂಡು ತಿರುಗುತ್ತಿದ್ದಾರಂತೆ ಎಂಬ ಸುದ್ದಿ ಸಂಸ್ಥಾನದಲ್ಲೆಲ್ಲ ಹಬ್ಬಿತ್ತು. ಆ ಸುಂಕದ ನಾಕಾದ ಸಿಪಾಯಿ ಹನಮಪ್ಪ ಅದನ್ನು ಕೇಳಿದಂದಿನಿಂದ ಹಗಲು ಮಲಗುವುದನ್ನು ಬಿಟ್ಟಿದ್ದ.

ಹಸಿರು ಗಾಡಿ ಕಂಡು ಅವನು ಎದ್ದು ನಿಂತ. "ಒಳಗ ಏನೈತ್ರಿ?"

"ಏನಿಲ್ಲಪಾ. ದಿವಾನ ಅದಾನ."

ಹನಮಪ್ಪನ ಬಾಯೊಳಗಿನ ಎಲೆಯಡಿಕೆ ಗಂಟಲಿಗಿಳಿಯಿತು. "ದಿವಾನರಾ?"

"ಹೌದು. ಉಂಡು ಮಲಗ್ಯಾನ. ಎಬ್ಬಿಸಬ್ಯಾಡ, ಭಾಳ ಸಿಟ್ಟಿನಾಂವ. ಮೊನ್ನೆ ಗದಗಿನಾಗ ಒಬ್ಬ ಪೊಲೀಸನ್ನ ನಿಂತ ನಿಲುವಿನ್ಯಾಗ ತಗದ ಒಗದಾನ."

ನೌಕರಿಯಿಂದ ತೆಗೆದೊಗೆಯುವುದು ದಿವಾನರಿಗೆ ಎಷ್ಟರ ಕೆಲಸವೆಂದು ಹನಮಪ್ಪನಿಗೆ ಗೊತ್ತಿತ್ತು. ಆದರೆ ದಿವಾನರನ್ನು 'ಅಂವ' ಎನ್ನುವ ಈ ಮನುಷ್ಯ ಯಾರು? ದನಿ ತಗ್ಗಿಸಿ ಕೇಳಿದ. "ತಾವು ಅವರಿಗೆ ಏನಾಗಬೇಕ್ರಿ?"

"ನಾನ ಜ್ವಾಪಾನ ಮಾಡಾಂವ. ತಾಯಿ ಇಲ್ಲದಾಂವ ನೋಡು. ಸಣ್ಣಾಂವ ಇದ್ದಾಗಿಂದ ನನ್ನ ತೊಡಿಮ್ಯಾಲೆ ಬೆಳದಾನ. ಈಗ ಯಾರ ಮಾತೂ ಕೇಳೂದಿಲ್ಲ. ನಿನ್ನೆ ಸೊರಟೂರಾಗ ಒಬ್ಬ ಬಡವನ ಹೊಲಾನ ತಿಂದ."

ಹನಮಪ್ಪ ನಿಟ್ಟುಸಿರು ಬಿಟ್ಟ. "ತಿನ್ನಲಿ ಬಿಡ್ರಿ. ದೊಡ್ಡವರು ತಿನ್ನೂದು ಹೊಸಾದೇನಲ್ಲ."

"ಗಾಡಿ ತಪಾಸ ಮಾಡೂದಿಲ್ಲೇನು?"

"ದಿವಾನರ ಗಾಡಿ ನಾವು ತಪಾಸ ಮಾಡೂದೇನ್ರಿ?" ಎಂದವನೇ ಅಡ್ಡಮರ ಎತ್ತಿ, ಖಾಕಿ ಪರದೆಗೆ ನೆಲ ಮುಟ್ಟಿ ಮುಜುರೆ ಮಾಡಿದ.

ತನ್ನ ಟಗರಿನ ಹೆಸರು ಇಲ್ಲಿಯವರೆಗೂ ಬಂದಿದೆಯಲ್ಲ ಎಂದು ವಿರೂಪಾಕ್ಷಪ್ಪ ಎದೆಯುಬ್ಬಿಸಿ ಮುಂದೆ ನಡೆದ. ಹನಮಪ್ಪ ಸೈಕಲ್ ಹತ್ತಿ ಒಳದಾರಿಯಿಂದ ಸುತ್ತಲಿನ ಹಳ್ಳಿಗಳಿಗೂ ಮಾಮಲೇದಾರರಿಗೂ ಖಬರು ಮುಟ್ಟಿಸಲು ಓಡಿದ.

ಲಕ್ಷ್ಮೇಶ್ವರ ದಾಟಿ ಶಿರಹಟ್ಟಿಯ ದಾರಿ ಹಿಡಿಯುವಾಗ, ಹುಣಸೆಮರದ ಎಡಕ್ಕೆ ತಿರುಗಬೇಕೆಂದು ಒಬ್ಬರು ಹೇಳಿದ್ದರು. ವಿರೂಪಾಕ್ಷಪ್ಪ ಬಲಕ್ಕೆ ತಿರುಗಿದ. ದಾರಿ ಕಿರಿದಾಗುತ್ತ ಹೋಗಿ ಮೇಲಿನಕೊಪ್ಪ ಎಂಬ ಹಳ್ಳಿಯನ್ನು ಹಾದು ಬತ್ತಿದ ಒಂದು ಹಳ್ಳದ ದಂಡೆಯಲ್ಲಿ ನಿಂತುಬಿಟ್ಟಿತು. ಮುಂದೆ ತೋಡಿದ ಕಂದಕ, ಅದರಾಚೆ ಕಲ್ಲಿನ ಗುಡ್ಡೆ, ಅದರ ಮೇಲೆ ಜಾಲಿಮುಳ್ಳಿನ ಬೇಲಿ. ಎರಡೂ ಮಗ್ಗುಲಿಗೆ ಎತ್ತರದ ಒಡ್ಡು. ಹಿಂದಕ್ಕೆ ಹೋಗಲು ಗಾಡಿ ಒಪ್ಪಬಹುದಿತ್ತು. ಒಪ್ಪಿಸುವುದು ಹೇಗೆಂದು ಯಜಮಾನನಿಗೆ ತಿಳಿಯಲಿಲ್ಲ. ಅವನು ಅಲ್ಲಿಯೇ ಒಲೆ ಹೂಡಿದ.

ಆ ಕಂದಕದ ಕಥೆ ಇಷ್ಟು. ಹಳ್ಳದ ಈಚೆಗೆ ಮೇಲಿನಕೊಪ್ಪ, ಆಚೆಗೆ ಕೆಳಗಿನಕೊಪ್ಪ. ಮೊದಲು ಎರಡೂ ಒಂದೇ ಊರು. ರಾಜಮನೆತನದವರು ಎಂದೋ ಪಾಲು ಮಾಡಿಕೊಂಡಾಗ ಹಳ್ಳವೇ ಗಡಿಯಾಯಿತು. ಸುಂಕ ತಪ್ಪಿಸಿ ಬಂಡಿಗಳು ದಾಟುತ್ತವೆಂದು ಎರಡೂ ಕಡೆಯವರು ಸೇರಿ ದಾರಿ ಕಡಿದರು. ಇಬ್ಬರೂ ರಾಜರು ಕೂಡಿ ಮಾಡಿದ ಕೆಲಸ ಅದೊಂದೇ. ಈಗ ಈ ಊರಿನಿಂದ ಆ ಊರಿಗೆ ಹೋಗಬೇಕಾದರೆ ಶಿರಹಟ್ಟಿಯ ನಾಕಾದವರೆಗೆ ಸುತ್ತಿಬರಬೇಕು. ಮೇಲಿನಕೊಪ್ಪದ ಸೊಸೆ ಕರಿಯವ್ವ ತನ್ನ ಮಾಳಿಗೆಯ ಮೇಲೆ ನಿಂತರೆ ಆಚೆಯ ತವರುಮನೆಯ ಒಲೆಯ ಹೊಗೆ ಕಾಣುತ್ತಿತ್ತು. ಹೊಗೆ ಕಂಡ ದಿನ ಅವ್ವ ಆರಾಮಾಗಿದ್ದಾಳೆಂದು ತಿಳಿದುಕೊಳ್ಳುವುದು. ಕಾಣದ ದಿನ ಎದೆ ಹೊಡೆದುಕೊಳ್ಳುವುದು.

ವಿರೂಪಾಕ್ಷಪ್ಪ ಹೊಗೆಯೊಳಗಿಂದ ತಲೆ ಎತ್ತಿದಾಗ ಊರ ಜನವೆಲ್ಲ ದೂರದಲ್ಲಿ ಕೈಕಟ್ಟಿ ಕುಳಿತಿದ್ದರು. ಅವರ ಮುಂದೆ ಹಿರಿಯ ಗವಿಸಿದ್ದಪ್ಪ, ಕೈಯಲ್ಲಿ ಚೆಂಡುಹೂವಿನ ಹಾರ, ಬಗಲಲ್ಲಿ ಅರ್ಜಿ.

"ದಿವಾನರು ಬಂದಾರಂತ ಹನಮಪ್ಪ ಹೇಳಿದ್ರಿ," ಎಂದ ಗವಿಸಿದ್ದಪ್ಪ.

"ನಿಮ್ಮೂರಾಗೂ ಇವನ ಹೆಸರು ಗೊತ್ತೈತೇನು?"

"ಗೊತ್ತಿಲ್ಲದ ಏನ್ರಿ. ದರ್ಶನ ಆದೀತೇನ್ರಿ?"

"ಈಗ ಬ್ಯಾಡ ಹಿರ್ಯಾರ. ಮಂದಿ ಕಂಡ್ರ ಮೈಮ್ಯಾಲೆ ಬರ್ತಾನ. ಅದೂ ಕೆಂಪು ರುಮಾಲು ಕಂಡ್ರ ಮುಗೀತು."

ಕೆಂಪು ರುಮಾಲು ಸುತ್ತಿದವರೆಲ್ಲ ಒಬ್ಬೊಬ್ಬರಾಗಿ ಬಿಚ್ಚಿ ಬಗಲಲ್ಲಿಟ್ಟುಕೊಂಡರು. ಇವರು ರೈತರ ಪಕ್ಷದ ದಿವಾನರು, ಸರಕಾರಿ ಸಿಪಾಯಿಗಳ ಕೆಂಪು ರುಮಾಲಿನ ಡೌಲು ಇವರಿಗೆ ಆಗುವುದಿಲ್ಲ ಎಂದು ಗವಿಸಿದ್ದಪ್ಪ ಹಿಂದಿನವರಿಗೆ ಪಿಸುಗುಟ್ಟಿ ತಿಳಿಸಿದ.

ಅಷ್ಟರಲ್ಲಿ ಕರಿಯವ್ವ ಎದ್ದು ಗಾಡಿಯ ಹತ್ತಿರ ಬಂದಳು. ಅವಳಿಗೆ ದರ್ಶನ ಬೇಕಾಗಿರಲಿಲ್ಲ. ಪರದೆಯ ಮುಂದೆ ನಿಂತು ಮಾತಾಡಿದಳು.

"ಯಪ್ಪಾ, ನೀ ಯಾರ ಇರು, ನನ್ನ ಮಾತು ಕೇಳು. ನನ್ನವ್ವ ಅಲ್ಲಿ ಅದಾಳ, ನಾ ಇಲ್ಲಿ ಅದೇನಿ. ಆಕಿಗೆ ಕಣ್ಣು ಮಂಜಾಗ್ಯಾವ, ಸುತ್ತಿ ಬರಾಕ ಕಾಲಾಗ ಕಸುವಿಲ್ಲ. ಸಣ್ಣ ಕೂಸುಗಳನ್ನ ಕಟಗೊಂಡು ಅಷ್ಟು ದೂರ ಸುತ್ತಾಕ ನನಗ ಆಗೂದಿಲ್ಲ, ಬೇಲಿ ದಾಟಿದ್ರ ದಂಡ ಹಾಕ್ತಾರ. ನನಗೂ ಮಕ್ಕಳಾದ್ವು, ಆಕಿ ಒಂದರ ಮಾರೀನೂ ನೋಡಿಲ್ಲ. ಈ ತಗ್ಗು ಮುಚ್ಚಿಸಿಬಿಡಪ್ಪಾ. ಮತ್ತೇನೂ ಕೇಳೂದಿಲ್ಲ."

ಟಗರಿಗೆ ಇಷ್ಟೆಲ್ಲ ಹೇಳಿಕೊಳ್ಳುವುದೇಕೆಂದು ವಿರೂಪಾಕ್ಷಪ್ಪನಿಗೆ ತಿಳಿಯಲಿಲ್ಲ. ಆದರೆ ಅವನೂ ಬೇಸರವಾದಾಗ ದಿವಾನನ ಮುಂದೆ ಹೇಳಿಕೊಳ್ಳುವವನೇ. ಆದ್ದರಿಂದ ಕಣ್ಣೊರೆಸಿಕೊಂಡು, "ಹೇಳ್ಕೊ ತಂಗಿ. ಅಂವ ಎಲ್ಲಾ ಕೇಳಸ್ಕೋತಾನ," ಎಂದ.

ಗವಿಸಿದ್ದಪ್ಪ ಧೈರ್ಯ ಮಾಡಿ ಅರ್ಜಿಯನ್ನು ಪರದೆಯ ಸಂದಿಯಲ್ಲಿ ಒಡ್ಡಿದ. ಒಳಗಿನಿಂದ ಯಾರೋ ಅದನ್ನು ಪಟ್ಟನೆ ಸೆಳೆದುಕೊಂಡರು. ಸ್ವಲ್ಪ ಹೊತ್ತು ಕಾಗದದ ಸಪ್ಪಳ ಕೇಳಿತು. ಆಮೇಲೆ ಗಂಭೀರವಾದ ದನಿಯೊಂದು ಬಂತು.

"ಹ್ಞೂಂ."

ಜನ ಒಬ್ಬರ ಮುಖವನ್ನೊಬ್ಬರು ನೋಡಿದರು. ಅವರ ತಲೆಮಾರಿನಲ್ಲಿ ಅರ್ಜಿಯೊಂದು ಕೊಟ್ಟ ಕೂಡಲೇ ಒಳಗೆ ಹೋದದ್ದು ಇದೇ ಮೊದಲು. ಉತ್ತರ ಬಂದದ್ದಂತೂ ಯಾರೂ ಕಂಡಿರಲಿಲ್ಲ.

"ಹ್ಞೂಂ ಅಂದ್ರು," ಎಂದ ಗವಿಸಿದ್ದಪ್ಪ. ಜನರ ಕಡೆ ತಿರುಗಿದ. "ಸಲಿಕಿ ತರ್ರೆಲೇ."

ಸಲಿಕೆ, ಗುದ್ದಲಿ, ಬುಟ್ಟಿ ಬಂದವು. ಮುಳ್ಳು ಕಿತ್ತರು, ಕಲ್ಲು ಉರುಳಿಸಿದರು, ಒಡ್ಡಿನ ಮಣ್ಣು ತಂದು ಕಂದಕಕ್ಕೆ ಸುರಿದರು. ಗದ್ದಲ ಕೇಳಿ ಕೆಳಗಿನಕೊಪ್ಪದವರೂ ಬಂದರು. ದಿವಾನರ ಅಪ್ಪಣೆಯೆಂದು ಈಚೆಯವರು ಕೂಗಿ ಹೇಳಿದ್ದೇ ತಡ, ಅವರೂ ಆ ಕಡೆಯಿಂದ ಶುರುಮಾಡಿದರು. ಆಚೆಯ ಕಾವಲುಗಾರ ಸಿಪಾಯಿ ಯಾವ ಸಂಸ್ಥಾನದ ದಿವಾನರೆಂದು ಒಮ್ಮೆ ಕೇಳಿದ. ಗದ್ದಲದಲ್ಲಿ ಯಾರೂ ಉತ್ತರ ಕೊಡಲಿಲ್ಲ. ತಮ್ಮವರೇ ಇದ್ದರೆ ಗತಿಯೇನೆಂದು ಹೆದರಿ ಅವನೂ ಅಂಗಿ ಕಳಚಿಟ್ಟು ಬುಟ್ಟಿ ಹೊತ್ತ.

ತನ್ನ ಗಾಡಿ ಮುಂದೆ ಹೋಗಲೆಂದು ಎರಡು ಊರಿನವರು ಇಷ್ಟು ಕಷ್ಟಪಡುವುದನ್ನು ಕಂಡು ವಿರೂಪಾಕ್ಷಪ್ಪನಿಗೆ ನಾಚಿಕೆಯಾಯಿತು. "ನನ್ನ ಸಲುವಾಗಿ ಇಷ್ಟ್ಯಾಕ್ರಿ," ಎನ್ನುತ್ತ ಧೋತರದ ಕಚ್ಚೆ ಬಿಗಿದು ತಾನೂ ಮಣ್ಣಿಗಿಳಿದ. ಹುಟ್ಟಿದಂದಿನಿಂದ ಅವನ ಕೈಗೆ ಯಾರೂ ಸಲಿಕೆ ಕೊಟ್ಟಿರಲಿಲ್ಲ. ದಿವಾನರ ಹತ್ತಿರದವರು ಮಣ್ಣು ಹೊರುವುದನ್ನು ಕಂಡು ಗವಿಸಿದ್ದಪ್ಪ, "ನೋಡ್ರೆಪಾ, ಸ್ವರಾಜ್ಯ ಅಂದ್ರ ಇದು," ಎಂದ. ಹೊತ್ತು ಮುಳುಗುವುದರೊಳಗೆ ಬಂಡಿ ಹೋಗುವಷ್ಟು ದಾರಿಯಾಯಿತು. ಕತ್ತಲಾಯಿತು, ನಿನ್ನ ಅವ್ವನನ್ನು ಮುಂಜಾನೆ ಕರೆತರುತ್ತೇವೆಂದು ಆಚೆಯವರು ಕರಿಯವ್ವನಿಗೆ ಕೂಗಿ ಹೇಳಿದರು. ವಿರೂಪಾಕ್ಷಪ್ಪನ ಅಂಗೈಗೆ ಬೊಬ್ಬೆ ಬಂದಿತ್ತು. ಕರಿಯವ್ವ ಅದಕ್ಕೆ ಎಣ್ಣೆ ಹಚ್ಚಿ, ಅವನ ಒಲೆ ಕಿತ್ತು ಗಾಳಿಗೆ ಬೆನ್ನು ಮಾಡಿ ಹೂಡಿಕೊಟ್ಟಳು. ಆ ಸಂಜೆ ಹೊಗೆ ಅವನ ಕಣ್ಣಿಗೆ ಬರಲಿಲ್ಲ.

ಮರುದಿನ ಬಿಸಿಲೇರುವಾಗ ಟಾಂಗಾದಲ್ಲಿ ಲಕ್ಷ್ಮೇಶ್ವರದ ಮಾಮಲೇದಾರರು ಬಂದರು, ಹಿಂದೆ ಸೈಕಲ್ಲಿನ ಮೇಲೆ ಹನಮಪ್ಪ. ಹನಮಪ್ಪನ ಖಬರು ಕೇಳಿದ ಮೇಲೆ ಅವರಿಗೆ ಅನ್ನ ಸೇರಿರಲಿಲ್ಲ. ಜರಿಯ ರುಮಾಲು, ಉದ್ದನೆಯ ಕೋಟು, ಹಣೆಯ ಮೇಲೆ ಬೆವರು. ಟಾಂಗಾ ಇಳಿದವರೇ ಯಾರನ್ನೂ ನೋಡದೆ ಪರದೆಯ ಮುಂದೆ ನಿಂತು ಸೊಂಟ ಬಗ್ಗಿಸಿ ಮುಜುರೆ ಮಾಡಿದರು.

"ಸರಕಾರ್, ತಾವು ಬರೂದು ಗೊತ್ತಿದ್ರ ಊರಿಗೆ ಕಮಾನು ಕಟ್ಟಸ್ತಿದ್ದೆ."

"ಅದೆಲ್ಲ ಅವಂಗ ತಿಳಿಯೂದಿಲ್ರಿ ಸಾಹೇಬ್ರ," ಎಂದ ವಿರೂಪಾಕ್ಷಪ್ಪ. "ಹೊತ್ತಹೊತ್ತಿಗೆ ಸೊಪ್ಪು ಹಾಕಿದ್ರ ಸಾಕು."

"ಇವರಿಗೆ ಸೊಪ್ಪು ಹಾಕದ ಇರಾಕ ನಾ ಯಾರ್ರಿ?" ಎಂದರು ಮಾಮಲೇದಾರರು ಗಾಬರಿಯಿಂದ. ಮತ್ತೆ ಪರದೆಯ ಕಡೆ ತಿರುಗಿ ತಮ್ಮ ನಿಷ್ಠೆಯನ್ನು ವಿಸ್ತಾರವಾಗಿ ವರ್ಣಿಸಿದರು. ಚಳವಳಿಯ ಕಾಲದಲ್ಲಿ ತಾವು ಯಾರ ಕಡೆಗೂ ಇರಲಿಲ್ಲವೆಂದೂ, ಈಗ ಎಲ್ಲರ ಕಡೆಗೂ ಇರುವುದಾಗಿಯೂ ಹೇಳಿದರು. ರಾಜರು ಉಳಿದರೆ ರಾಜರ ಸೇವಕ, ಹೋದರೆ ಪ್ರಜೆಗಳ ಸೇವಕ ಎಂದರು. ಪ್ರತಿ ಮಾತಿಗೂ ಒಳಗಿನಿಂದ "ಹ್ಞೂಂ" ಬರುತ್ತಿತ್ತು. ಉತ್ಸಾಹ ಹೆಚ್ಚಿ ಅವರು ಇನ್ನಷ್ಟು ಹತ್ತಿರ ಸರಿದು, ಇನ್ನಷ್ಟು ಬಗ್ಗಿದರು. ರುಮಾಲಿನ ಸೆರಗು ಪರದೆಗೆ ತಾಗಿತು.

ಸೆರಗು ಒಳಗೆ ಹೋಯಿತು. ಅದರ ಹಿಂದೆ ರುಮಾಲು ಬಿಚ್ಚಿಕೊಳ್ಳುತ್ತ ಹೋಯಿತು. ಮಾಮಲೇದಾರರು ಹೌಹಾರಿ ಎಳೆದರು. ಪರದೆ ಸರಿದು, ಬಾಯಲ್ಲಿ ಜರಿ ಕಚ್ಚಿಕೊಂಡಿದ್ದ ಒಂದು ಮುಖ ಹೊರಬಂತು. ಎರಡು ಸುರುಳಿ ಕೊಂಬು, ಅಗಲವಾದ ಹಣೆ, ಅರೆಗಣ್ಣು.

"ಇವನ ರೀ ನಮ್ಮ ದಿವಾನ," ಎಂದ ವಿರೂಪಾಕ್ಷಪ್ಪ ಅಭಿಮಾನದಿಂದ. "ಎಲ್ಲಾರೂ ಇಷ್ಟು ಪ್ರೀತಿ ಮಾಡೀರಿ. ನಾ ಹ್ಯಾಂಗ ಮರೀಲಿ?"

ಗವಿಸಿದ್ದಪ್ಪ ಕೈಯಲ್ಲಿದ್ದ ಬಾಡಿದ ಹಾರವನ್ನು ನಿಧಾನವಾಗಿ ಬೆನ್ನ ಹಿಂದೆ ಸರಿಸಿದ. ಹನಮಪ್ಪ ಸೈಕಲ್ಲಿನ ಹಿಂದೆ ಕುಕ್ಕರಿಸಿದ.

ಮಾಮಲೇದಾರರ ಮುಖ ಕೆಂಪಾಗಿ, ಬಿಳಿಯಾಗಿ, ಮತ್ತೆ ಕೆಂಪಾಯಿತು. "ಗಡಿ ಕಿತ್ತವರು ಯಾರು? ಯಾರ ಅಪ್ಪಣಿ ಮ್ಯಾಲೆ ಕಿತ್ತೀರಿ? ಎಲ್ಲಾರನ್ನೂ ಜೇಲಿನ ಕೋಣ್ಯಾಗ ಹಾಕ್ತೀನಿ."

ವಿರೂಪಾಕ್ಷಪ್ಪನಿಗೆ ಆಗ ಎಲ್ಲವೂ ಒಮ್ಮೆಗೇ ತಿಳಿಯಿತು. ಅತ್ತ ಇತ್ತ ನೋಡಿದ. ಅವನ ಪರವಾಗಿ ಮಾತಾಡಲು ಅಣ್ಣಂದಿರು ಯಾರೂ ಇರಲಿಲ್ಲ. ಜನರ ಮುಂದೆ ಬಂದು ನಿಂತ.

"ಇವರದೇನೂ ತಪ್ಪಿಲ್ರಿ. ನನ್ನ ಗಾಡಿ, ನನ್ನ ಟಗರು, ನನ್ನ ಬಾಯಿ. ನನ್ನ ಒಬ್ಬನ್ನ ಒಯ್ರಿ. ಆದ್ರ ಒಯ್ಯೂದಾದ್ರ ಗಾಡಿ ಹೊಸಾ ದಾರೀಲೆ ಹೋಗಬೇಕಾಕ್ಕೈತಿ. ಹಿಂದಕ ಒಯ್ಯಾಕ ನನಗ ಬರೂದಿಲ್ಲ."

ಯಾರೋ ಹೆಂಗಸು ನಕ್ಕಳು. ಇನ್ನೊಬ್ಬಳು ನಕ್ಕಳು. ನಗೆ ಹಳ್ಳ ದಾಟಿ ಆಚೆಗೂ ಹೋಯಿತು. ಮಾಮಲೇದಾರರು ಬಾಯಿ ತೆರೆಯುವುದರೊಳಗೆ ಆಚೆಯ ದಂಡೆಯ ಜನ ಎರಡಾಗಿ ಸರಿದು ದಾರಿ ಬಿಟ್ಟರು. ಹೊಸ ಮಣ್ಣಿನ ಮೇಲೆ ಕೋಲೂರಿಕೊಂಡು ಒಬ್ಬ ಮುದುಕಿ ಬರುತ್ತಿದ್ದಳು. ಕರಿಯವ್ವನ ತಾಯಿ ಗದಿಗೆವ್ವ. ಕರಿಯವ್ವ ಎದುರಿಗೆ ಓಡಿ ಹೋಗಿ ಕೈಹಿಡಿದಳು. ಮುದುಕಿ ಮೊಮ್ಮಕ್ಕಳ ತಲೆ, ಕೆನ್ನೆ, ಕಿವಿ ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ, "ದಿವಾನರು ಎಲ್ಲಿ ಅದಾರ?" ಎಂದು ಕೇಳಿ, ಕೋಟಿನ ಹೊಳೆಯುವ ಗುಂಡಿಗಳನ್ನು ಗುರುತು ಹಿಡಿದು ನೇರ ಮಾಮಲೇದಾರರ ಹತ್ತಿರ ಬಂದಳು. ರುಮಾಲು ಹೋದ ಬೋಳುತಲೆಯ ಮೇಲೆ ಎರಡೂ ಕೈಯಿಟ್ಟಳು.

"ನನ್ನ ಮಗಳನ್ನ ತಂದ ಕೊಟ್ಟಿ. ನಿನ್ನ ಹಡದಾಕಿ ಹೊಟ್ಟಿ ತಣ್ಣಗಿರಲಿ ಮಗನ. ನೀನ ಅಲ್ಲೇನು ಈ ದಾರಿ ಮಾಡಿಸಿದಾಂವ?"

ಎಲ್ಲರೂ ಮಾಮಲೇದಾರರನ್ನೇ ನೋಡುತ್ತಿದ್ದರು. ದಾರಿ ಮುಚ್ಚಿಸಬೇಕಾದರೆ ಮೇಲಿನವರಿಗೆ ವರದಿ ಬರೆಯಬೇಕು. ವರದಿ ಬರೆದರೆ ತಾವು ಯಾರಿಗೆ ಮುಜುರೆ ಮಾಡಿದ್ದೆಂದು ಬರೆಯಬೇಕು. ಅವರ ಒಳಗೆ ಈ ಲೆಕ್ಕ ನಡೆದಿತ್ತೋ, ಅಥವಾ ತಲೆಯ ಮೇಲಿದ್ದ ಕೈಯ ಬಿಸಿ ಒಳಗಿಳಿದಿತ್ತೋ, ಹೇಳುವುದು ಕಷ್ಟ. ಅವರು ತಲೆ ಎತ್ತದೆಯೇ ಹೇಳಿದರು.

"ಹ್ಞೂಂ."

ಆ ದಿನ ಅವರು ದಫ್ತರಕ್ಕೆ ಬರೆದ ಟಿಪ್ಪಣಿಯಲ್ಲಿ, ಮೇಲಿನವರ ಬಾಯಿಮಾತಿನ ಸಮ್ಮತಿಯಂತೆ ದಾರಿ ತೆರೆಯಲಾಗಿದೆ ಎಂದಿತ್ತು. ಅದನ್ನು ಯಾರೂ ಪ್ರಶ್ನಿಸಲಿಲ್ಲ. ಮುಂದೆ ಕೆಲವೇ ತಿಂಗಳಲ್ಲಿ ಎರಡೂ ಸಂಸ್ಥಾನಗಳು ವಿಲೀನವಾಗಿ, ಪ್ರಶ್ನಿಸಬೇಕಾದವರೇ ಇಲ್ಲವಾದರು.

ಮಾಮಲೇದಾರರ ಟಾಂಗಾ ಮರೆಯಾದ ಮೇಲೆ ವಿರೂಪಾಕ್ಷಪ್ಪ ಶಿರಹಟ್ಟಿ ಬಿಟ್ಟು ನೇರ ಮುಂಡರಗಿಗೆ ಹೊರಡಲು ಗಾಡಿ ಶುರುಮಾಡಿದ. ಗದಿಗೆವ್ವ ಕೋಲಿನಿಂದ ಗಾಡಿಯ ಬಾಗಿಲು ತಟ್ಟಿದಳು. "ತಮ್ಮಾ, ನನ್ನ ಆಚೆ ದಂಡಿಗೆ ಬಿಡ್ತಿಯೇನು? ನಡದ ಕಾಲು ನೊಂದಾವು."

ಅವಳನ್ನು ಮುಂದೆ ಕೂಡಿಸಿಕೊಂಡ. ಮೆತ್ತನೆಯ ಮಣ್ಣಿನ ಮೇಲೆ ಗಾಡಿ ಹೊಯ್ದಾಡುತ್ತ ಆಚೆ ತಲುಪಿತು. "ಇಳೀರಿ ಯವ್ವಾ, ನಿಮ್ಮೂರು ಬಂತು," ಎಂದ.

ಮುದುಕಿ ಇಳಿಯಲಿಲ್ಲ. "ಇಷ್ಟ ದೂರೇನು?" ಎಂದಳು.

"ಇಷ್ಟ ರೀ."

ಅವಳು ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು. "ತಿರುಗಿಸು. ಇನ್ನೊಮ್ಮೆ ಹೋಗಿ ಬರೂಣು."

ಕೆಳಗಿನಕೊಪ್ಪದ ಕಣದಲ್ಲಿ ಒಂದು ದೊಡ್ಡ ಸುತ್ತು ಹಾಕಿ ಗಾಡಿ ತಿರುಗಿತು. ಈಚೆ ಬಂತು, ಒಡ್ಡು ಕಡಿದು ಬಯಲಾದ ಜಾಗದಲ್ಲಿ ಮತ್ತೆ ಸುತ್ತು ಹಾಕಿ ಆಚೆ ಹೋಯಿತು. ಪ್ರತಿ ಸಲವೂ ನಡು ಹಳ್ಳಕ್ಕೆ ಬಂದಾಗ ಮುದುಕಿ "ಈಗ ದಾಟಿದ್ವೇನು?" ಎಂದು ಕೇಳುವಳು, ವಿರೂಪಾಕ್ಷಪ್ಪ "ದಾಟಿದ್ವಿ" ಎನ್ನುವನು, ಅವಳು ಬೊಚ್ಚುಬಾಯಿ ತೆರೆದು ನಗುವಳು. ಮಕ್ಕಳು ಹಿಂದೆ ದಿವಾನನ ಜೊತೆ ಹತ್ತಿದರು. ಕರಿಯವ್ವ ಹತ್ತಿದಳು. ಗವಿಸಿದ್ದಪ್ಪನೂ ಹತ್ತಿದ. ಮುಂಡರಗಿಗೆ ಹೋಗುವ ದಾರಿ ಬಿಸಿಲಲ್ಲಿ ಬೆಳ್ಳಗೆ ಬಿದ್ದುಕೊಂಡಿತ್ತು, ಅದಕ್ಕೇನೂ ಅವಸರವಿರಲಿಲ್ಲ.

"ತಮ್ಮಾ," ಎಂದಳು ಗದಿಗೆವ್ವ, "ಇನ್ನೊಮ್ಮೆ."